ಶನಿ ಯಾಕೆ ಕುಣಿಯುತ್ತಾನೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಟೆಲಿಸ್ಕೋಪಿನ ಮೌಂಟ್ ಬಗ್ಗೆ. ನನಗೆ ತುಂಬಾ ಖುಷಿಯಾಯಿತು. ಎಷ್ಟು ದೊಡ್ಡ ಕನ್ನಡಿ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೊತ್ತು ನಿಲ್ಲುವ ಮೌಂಟ್ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಆಕಾಶ ನೋಡುವ ಹವ್ಯಾಸ ಈಗಷ್ಟೇ ಶುರು ಮಾಡುತ್ತಿದ್ದೇನೆ. ಎರಡು ಟೆಲಿಸ್ಕೋಪ್ ನೋಡಿ ಇಟ್ಟಿದ್ದೇನೆ. ಎರಡರಲ್ಲೂ 130 ಮಿ.ಮೀ. ಕನ್ನಡಿ, ಬೆಲೆಯೂ ಹತ್ತಿರ ಹತ್ತಿರ. ಒಂದು ಮರದ ಪೆಟ್ಟಿಗೆಯಂಥ ಗಿಡ್ಡ ಪೀಠದ ಮೇಲೆ ಕೂರುತ್ತದೆ. ಇನ್ನೊಂದಕ್ಕೆ ಮೂರು ಕಾಲು, ತೂಕದ ಗುಂಡು, ಡಿಗ್ರಿ ಬರೆದ ಚಕ್ರಗಳು ಎಲ್ಲ ಇವೆ. ಎರಡನೆಯದೇ ಒಳ್ಳೆಯದು ಅಲ್ವಾ?

ಉತ್ತರ: ನಾನಾಗಿದ್ದರೆ ಮರದ ಪೀಠದ್ದನ್ನೇ ತರುತ್ತಿದ್ದೆ. ಯಾಕೆ ಅಂತ ಹೇಳಲು ನನ್ನ ಮೊದಲ ಟೆಲಿಸ್ಕೋಪಿನ ವಿಷಯ ಹೇಳಬೇಕು.

ಅದು 60 ಮಿ.ಮೀ. ಮಸೂರದ್ದು, ನಾಭಿದೂರ 700 ಮಿ.ಮೀ. ಜೊತೆಗೆ ಬಂದದ್ದು ನೀವು ಹೇಳುವ ಎರಡನೆಯ ಜಾತಿಯ ಮೌಂಟ್. ಕಾಲುಗಳು ಕೊಡೆಯ ಕೋಲಿನಷ್ಟು ತೆಳ್ಳಗೆ. ಮೊದಲ ರಾತ್ರಿಯೇ ಶನಿಯನ್ನು ಹುಡುಕಿ 4 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಕಡೆಯ ಚಿಕ್ಕ ಮಸೂರ, ಹಾಕಿದೆ. 700ನ್ನು 4ರಿಂದ ಭಾಗಿಸಿದರೆ 175 ಪಟ್ಟು. 60 ಮಿ.ಮೀ. ಮಸೂರಕ್ಕೆ 120 ಪಟ್ಟೇ ಜಾಸ್ತಿ ಅಂತ ಆಗ ಗೊತ್ತಿರಲಿಲ್ಲ. ಶನಿ ಸಿಕ್ಕಿದ. ಫೋಕಸ್ ಗುಂಡಿ ಮುಟ್ಟಿದ ಕೂಡಲೇ ಕುಣಿಯತೊಡಗಿದ. ಕುಣಿತ ನಿಲ್ಲುವಷ್ಟರಲ್ಲಿ ಐಪೀಸಿನ ಅಂಚು ದಾಟಿ ಹೋಗಿರುತ್ತಿದ್ದ. ಅಮ್ಮನನ್ನು ಕರೆದೆ. ಅವರು ಕಣ್ಣಿಟ್ಟು ನೋಡಿ, "ಏನೋ ಬೆಳ್ಳಗೆ ಅಲ್ಲಾಡ್ತಿದೆ ಕಣೇ" ಅಂದು ಒಳಗೆ ಹೋದರು. ಆ ರಾತ್ರಿ ನಾನು ಅತ್ತಿದ್ದೆ. ಮಸೂರವೇ ಸರಿಯಿಲ್ಲ ಅಂತ ಒಂದು ವರ್ಷ ನಂಬಿಕೊಂಡಿದ್ದೆ.

ಮುಂದಿನ ವರ್ಷ ಹಿರಿಯ ವೀಕ್ಷಕರೊಬ್ಬರು ಅದೇ ಕೊಳವೆಯನ್ನು ಬಿಚ್ಚಿ, ತಾವೇ ಮಾಡಿದ್ದ ಕವೆಯಂಥ ಮರದ ಸ್ಟ್ಯಾಂಡಿನ ಮೇಲೆ ಕೂರಿಸಿದರು. 10 ಮಿ.ಮೀ. ಐಪೀಸ್ ಹಾಕಿದರು, ಅಂದರೆ 70 ಪಟ್ಟು. ಶನಿ ಅಲ್ಲಾಡದೆ ನಿಂತ. ಉಂಗುರಕ್ಕೂ ಗೋಳಕ್ಕೂ ನಡುವಿನ ಕಪ್ಪು ಸಂದು ಕಾಣಿಸಿತು. ಅದೇ ಮಸೂರ, ಅದೇ ಕಣ್ಣು. ಅಮ್ಮನಿಗೆ ಮತ್ತೆ ತೋರಿಸಿದೆ. ಈ ಸಲ ಅವರು ಐಪೀಸ್ ಬಿಟ್ಟು ಏಳಲಿಲ್ಲ.

ಟೆಲಿಸ್ಕೋಪ್ ಗ್ರಹವನ್ನು 100 ಪಟ್ಟು ದೊಡ್ಡದು ಮಾಡಿದರೆ ನಡುಕವನ್ನೂ 100 ಪಟ್ಟು ದೊಡ್ಡದು ಮಾಡುತ್ತದೆ. ಇದೊಂದು ನೆನಪಿದ್ದರೆ ಉಳಿದದ್ದು ಸುಲಭ.

ಈಗ ನಿಮ್ಮ ಎರಡು ಮೌಂಟುಗಳಿಗೆ ಬರೋಣ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವುದು ಆಲ್ಟ್-ಅಜಿಮತ್. ನಾವು ಕತ್ತು ತಿರುಗಿಸುವ ಹಾಗೆಯೇ. ಕಲಿಯಲು ಒಂದು ನಿಮಿಷ ಸಾಕು. ತೂಕದ ಗುಂಡು ಇರುವುದು ಈಕ್ವೆಟೋರಿಯಲ್. ಅದರ ಒಂದು ಅಕ್ಷವನ್ನು ಆಕಾಶದ ಧ್ರುವದ ಕಡೆ ಗುರಿಯಿಟ್ಟು ನಿಲ್ಲಿಸಬೇಕು. ಆಗ ಅದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಆಮೇಲೆ ಆ ಒಂದೇ ಅಕ್ಷವನ್ನು ನಿಧಾನಕ್ಕೆ ತಿರುಗಿಸಿದರೆ ಸಾಕು, ನಕ್ಷತ್ರ ಐಪೀಸಿನಲ್ಲೇ ಉಳಿಯುತ್ತದೆ. 1824ರಲ್ಲಿ ಜರ್ಮನಿಯ ಮಸೂರ ತಯಾರಕ ಜೋಸೆಫ್ ಫ್ರೌನ್‌ಹೋಫರ್ ಡಾರ್ಪಟ್ (ಈಗಿನ ಎಸ್ಟೋನಿಯಾದ ಟಾರ್ಟು) ವೀಕ್ಷಣಾಲಯಕ್ಕೆ ಮಾಡಿಕೊಟ್ಟ 24 ಸೆಂ.ಮೀ. ದೂರದರ್ಶಕ ಈ ಜಾತಿಯದೇ. ಗಡಿಯಾರದ ಯಂತ್ರ ಅದನ್ನು ಆಕಾಶದ ಜೊತೆಜೊತೆಗೆ ತಿರುಗಿಸುತ್ತಿತ್ತು. ಎರಡು ಶತಮಾನ ಆದರೂ ಆ ವಿನ್ಯಾಸ ಹೋಗಿಲ್ಲ. ಅಷ್ಟು ಒಳ್ಳೆಯ ಯೋಚನೆ ಅದು.

ಹಾಗಾದರೆ ಅದನ್ನೇ ಯಾಕೆ ತರಬಾರದು? ಒಳ್ಳೆಯ ಈಕ್ವೆಟೋರಿಯಲ್ ಮಾಡಲು ಗಟ್ಟಿ ಲೋಹ, ನುಣುಪಾದ ಹಲ್ಲುಚಕ್ರ, ದಪ್ಪ ಕಾಲು ಎಲ್ಲ ಬೇಕು. ಬೆಲೆ ಒಂದೇ ಇದ್ದು ಭಾಗಗಳು ಜಾಸ್ತಿ ಅಂದರೆ, ಎಲ್ಲೋ ಒಂದು ಕಡೆ ತೆಳ್ಳಗೆ ಮಾಡಿರಲೇಬೇಕು. ಸಾಮಾನ್ಯವಾಗಿ ತೆಳ್ಳಗಾಗುವುದು ಕಾಲುಗಳೇ. ಮೇಲಾಗಿ ನಿಮ್ಮದು ಕನ್ನಡಿಯ ಟೆಲಿಸ್ಕೋಪ್, ಐಪೀಸ್ ಕೊಳವೆಯ ಪಕ್ಕದಲ್ಲಿರುತ್ತದೆ. ಈಕ್ವೆಟೋರಿಯಲ್ ಮೇಲೆ ಕೊಳವೆ ತಿರುಗಿದಂತೆ ಐಪೀಸ್ ಒಮ್ಮೆ ಅಡಿಗೆ ಹೋಗುತ್ತದೆ, ಒಮ್ಮೆ ತಲೆಯ ಮೇಲೆ. ಪ್ರತಿ ಸಲ ಕೊಳವೆಯನ್ನು ಹಿಡಿದ ಉಂಗುರ ಸಡಿಲಿಸಿ ಕೊಳವೆ ತಿರುಗಿಸಬೇಕು. ಕತ್ತಲಲ್ಲಿ ಇದು ಹೊಸಬರ ಉತ್ಸಾಹವನ್ನೆಲ್ಲ ಹೀರಿಬಿಡುತ್ತದೆ.

ಗಿಡ್ಡ ಪೀಠದ್ದಕ್ಕೆ ಡಾಬ್ಸೋನಿಯನ್ ಅಂತ ಹೆಸರು. ಅದನ್ನು ರೂಪಿಸಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ವೇದಾಂತ ಮಠಗಳಲ್ಲಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೆ ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಅದಕ್ಕೆ ಪ್ಲೈವುಡ್ ಪೆಟ್ಟಿಗೆಯ ಮೌಂಟ್. ಟೆಲಿಸ್ಕೋಪನ್ನು ಬೀದಿಬದಿಯಲ್ಲಿ ಇಟ್ಟು ದಾರಿಹೋಕರನ್ನು ಕರೆದು ಚಂದ್ರನನ್ನು ತೋರಿಸುತ್ತಿದ್ದರು. ಅವರ ಮೌಂಟಿನಲ್ಲಿ ಹಲ್ಲುಚಕ್ರವೇ ಇಲ್ಲ. ಭಾರವೆಲ್ಲ ನೆಲಕ್ಕೆ ಹತ್ತಿರ ಇರುತ್ತದೆ. ಟೆಫ್ಲಾನ್ ತುಂಡುಗಳ ಮೇಲೆ ನುಣ್ಣಗೆ ಜಾರುತ್ತದೆ, ಕೈ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ನನಗೆ ಅವರ ಮೇಲೆ ಬಹಳ ಪ್ರೀತಿ.

ಅದರಲ್ಲೂ ಕೊರತೆ ಇದೆ. ಆಕಾಶ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತದೆ. 100 ಪಟ್ಟಿನಲ್ಲಿ ಸಾಧಾರಣ ಐಪೀಸಿಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಆಕಾಶ. ಹಾಗಾಗಿ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 2 ನಿಮಿಷದಲ್ಲಿ ಹೋಗುತ್ತದೆ, 200 ಪಟ್ಟಿನಲ್ಲಿ 1 ನಿಮಿಷದಲ್ಲಿ. ಆಗಾಗ ಬೆರಳಿನಿಂದ ಮೆಲ್ಲಗೆ ತಳ್ಳುತ್ತಿರಬೇಕು. ಒಂದು ವಾರದಲ್ಲಿ ಕೈಗೆ ಅದು ರೂಢಿಯಾಗುತ್ತದೆ. ನೆತ್ತಿಯ ನೇರಕ್ಕೆ ಇರುವುದನ್ನು ಹಿಂಬಾಲಿಸುವುದು ಮಾತ್ರ ಕಷ್ಟ. ಅದು ಸ್ವಲ್ಪ ಪಡುವಣಕ್ಕೆ ಇಳಿಯುವ ತನಕ ಕಾಯಿರಿ. ಇನ್ನೊಂದು ಮಾತು. ಗಿಡ್ಡ ಪೀಠವನ್ನು ಪ್ಲಾಸ್ಟಿಕ್ ಮೇಜಿನ ಮೇಲೆ ಇಡಬೇಡಿ, ಅಲ್ಲಿಗೆ ಎಲ್ಲ ಲಾಭವೂ ಹೋಯಿತು. ಮೂರು ಕಾಲಿನ ಗಟ್ಟಿ ಮರದ ಸ್ಟೂಲ್ ಒಳ್ಳೆಯದು. ನಾಲ್ಕು ಕಾಲಿನದು ಒರಟು ನೆಲದಲ್ಲಿ ಒಂದು ಕಡೆ ಎದ್ದೇ ಇರುತ್ತದೆ.

ಪ್ರಶ್ನೆ: ನಾನು ಈಗಾಗಲೇ ತೆಳು ಕಾಲಿನ ಈಕ್ವೆಟೋರಿಯಲ್ ಕೊಂಡುಬಿಟ್ಟಿದ್ದೇನೆ. ಮುಟ್ಟಿದರೆ ಸಾಕು, ನಡುಗುತ್ತದೆ. ಮಾರಿಬಿಡಲೇ?

ಉತ್ತರ: ತಡೆಯಿರಿ, ಮೊದಲು ಅಳೆದು ನೋಡೋಣ. ಒಂದು ನಕ್ಷತ್ರವನ್ನು 100 ಪಟ್ಟಿನ ಆಸುಪಾಸಿನಲ್ಲಿ ನಡುವಿಗೆ ತನ್ನಿ. ಕೊಳವೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒಂದು ತಟ್ಟು. ನಕ್ಷತ್ರ ನಿಲ್ಲುವ ತನಕ ಸೆಕೆಂಡು ಎಣಿಸಿ. ಎರಡು ಸೆಕೆಂಡಿನಲ್ಲಿ ನಿಂತರೆ ಬಹಳ ಚೆನ್ನ. ಐದು ದಾಟಿದರೆ ಕೆಲಸ ಇದೆ.

ಕಾಲುಗಳನ್ನು ಪೂರ್ತಿ ಒಳಗೆ ಸರಿಸಿ ಗಿಡ್ಡ ಮಾಡಿ, ನೀವು ಕುರ್ಚಿಯಲ್ಲಿ ಕೂತು ನೋಡಿ. ಇಷ್ಟರಿಂದಲೇ ಎಷ್ಟೋ ಕಡಿಮೆಯಾಗುತ್ತದೆ. ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡಿ. ಕಾಲುಗಳ ನಡುವಿನ ತಟ್ಟೆಯನ್ನು ಬಿಚ್ಚಿಡಬೇಡಿ, ಅದು ಕಾಲುಗಳನ್ನು ಹಿಡಿದಿಡುತ್ತದೆ. ಟ್ರೈಪಾಡಿನ ನಡುವಿಗೆ ನೀರು ತುಂಬಿದ ಕ್ಯಾನ್ ತೂಗುಹಾಕಿ, ಆದರೆ ಅದು ಗಾಳಿಗೆ ತೂಗಾಡಬಾರದು. ಟೊಳ್ಳು ಅಲ್ಯೂಮಿನಿಯಂ ಕಾಲುಗಳಲ್ಲಿ ಒಣ ಮರಳು ತುಂಬಿಸಿದರೂ ನಡುಕ ಬೇಗ ಇಂಗುತ್ತದೆ. ಹಳೆಯ ವೀಕ್ಷಕರಲ್ಲಿ ಬಹಳ ಜನ ಹಾಗೆ ಮಾಡುತ್ತಿದ್ದರು. ಬಡಗಿ ಕೆಲಸ ಬರುವವರು ಗೊತ್ತಿದ್ದರೆ ಕಾಲುಗಳನ್ನೇ ಮರದ್ದಾಗಿ ಬದಲಾಯಿಸಬಹುದು. ಲೋಹದ ಹಾಗೆ ಮರ ನಡುಕವನ್ನು ಬಹಳ ಹೊತ್ತು ಉಳಿಸಿಕೊಳ್ಳುವುದಿಲ್ಲ.

ತಾರಸಿಯ ಮೇಲಿಂದ ನೋಡುತ್ತಿದ್ದರೆ ಪಕ್ಕದಲ್ಲಿ ಯಾರೂ ಓಡಾಡದಂತೆ ಹೇಳಿ. ಹೆಜ್ಜೆ ಇಟ್ಟರೂ ಐಪೀಸಿನಲ್ಲಿ ಗೊತ್ತಾಗುತ್ತದೆ. ಸಾಧ್ಯವಾದರೆ ನೆಲಕ್ಕೆ ಇಳಿಯಿರಿ.

ಧ್ರುವದ ಕಡೆ ಗುರಿಯಿಡಲು ಜನ ಸುಮ್ನೆ ಹೆದರುತ್ತಾರೆ. ಕಣ್ಣಿನಲ್ಲಿ ನೋಡಲು ಅಂದಾಜು ಸಾಕು. ಮೌಂಟಿನ ಅಳತೆಪಟ್ಟಿಯಲ್ಲಿ ನಿಮ್ಮ ಊರಿನ ಅಕ್ಷಾಂಶ ಇಡಿ, ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ, ಆಯಿತು. ಉತ್ತರಾರ್ಧಗೋಳದಲ್ಲಿ ನಿಮ್ಮ ಅಕ್ಷಾಂಶ ಎಷ್ಟೋ, ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಆ ನಕ್ಷತ್ರ ಇರುತ್ತದೆ. ಸಮಭಾಜಕಕ್ಕೆ ಹತ್ತಿರ ಇರುವವರಿಗೆ ಅದು ತೀರಾ ಕೆಳಗೆ, ಎಷ್ಟೋ ಸಲ ಮರದ ಹಿಂದೆ. ಆಗ ದಿಕ್ಸೂಚಿ ಸಾಕು. ಹೊಸದಾಗಿ ಈಕ್ವೆಟೋರಿಯಲ್ ಕೊಳ್ಳುವವರು ಅಕ್ಷ ನಿಮ್ಮ ಅಕ್ಷಾಂಶದಷ್ಟು ಕೆಳಗೆ ಬಾಗುತ್ತದೆಯೇ ಅಂತ ನೋಡಿಕೊಳ್ಳಿ. ಕೆಲವು ಮೌಂಟುಗಳು ಬಾಗುವುದಿಲ್ಲ.

ಪ್ರಶ್ನೆ: ನನಗೆ ನೋಡುವುದಕ್ಕಿಂತ ನೀಹಾರಿಕೆಗಳ ಫೋಟೊ ತೆಗೆಯುವ ಆಸೆ. ಡಾಬ್ಸೋನಿಯನ್ ಸಾಕಾಗುತ್ತದೆಯೇ?

ಉತ್ತರ: ಸಾಲದು. ಇಲ್ಲಿ ಈಕ್ವೆಟೋರಿಯಲ್ಲೇ ಬೇಕು, ಮೋಟರ್ ಸಮೇತ.

ಒಂದು ಲೆಕ್ಕ ನೋಡಿ. 500 ಮಿ.ಮೀ. ನಾಭಿದೂರದ ಟೆಲಿಸ್ಕೋಪಿಗೆ 4 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಹಾಕಿದ್ದೀರಿ ಅಂದುಕೊಳ್ಳಿ. ಮೌಂಟ್ ಸುಮ್ಮನೆ ನಿಂತಿದ್ದರೆ, ಸಮಭಾಜಕದ ನೇರಕ್ಕಿರುವ ನಕ್ಷತ್ರ ಒಂದೇ ಸೆಕೆಂಡಿನಲ್ಲಿ ಸುಮಾರು 9 ಪಿಕ್ಸೆಲ್ ಸರಿದಿರುತ್ತದೆ. ನೀಹಾರಿಕೆಗೆ ನಿಮಿಷಗಟ್ಟಲೆ ಬೆಳಕು ಕೂಡಿಸಬೇಕು. ಮೋಟರ್ ಇರುವ ಆಲ್ಟ್-ಅಜಿಮತ್ ನಕ್ಷತ್ರವನ್ನು ನಡುವಿನಲ್ಲಿ ಹಿಡಿದರೂ ಸುತ್ತಲಿನ ಚಿತ್ರ ಮೆಲ್ಲಗೆ ತಿರುಗುತ್ತದೆ, ಅಂಚಿನ ನಕ್ಷತ್ರಗಳು ಕಮಾನಾಗುತ್ತವೆ. ಚಂದ್ರ, ಗುರು, ಶನಿಯರ ವಿಡಿಯೊ ತೆಗೆಯಲು ಆ ತೊಂದರೆ ಇಲ್ಲ. ಅವು ಪ್ರಕಾಶಮಾನ ಕಾಯಗಳು, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ.

ಮೌಂಟ್ ಎಷ್ಟು ಕಿಲೋ ಹೊರುತ್ತದೆ ಅಂತ ಬರೆದಿರುತ್ತಾರಲ್ಲ, ಫೋಟೊಗೆ ಅದರಲ್ಲಿ ಅರ್ಧ ಅಂತ ಹಿಡಿಯಿರಿ. ಟೆಲಿಸ್ಕೋಪ್, ಕ್ಯಾಮೆರಾ, ಮೌಂಟಿನ ಓಟ ಸರಿಪಡಿಸಲು ಹಾಕುವ ಚಿಕ್ಕ ಗೈಡ್ ಸ್ಕೋಪ್ ಎಲ್ಲ ಸೇರಿ ಆ ಅರ್ಧದೊಳಗೆ ಇರಲಿ. ಹಣ ಒಂದೇ ಕಡೆ ಹಾಕಲು ಆಗುವುದಾದರೆ ಮೌಂಟಿಗೆ ಹಾಕಿ, ಮೇಲೆ ಚಿಕ್ಕ ಟೆಲಿಸ್ಕೋಪ್ ಇಡಿ. ಇನ್ನೂ ಚಿಕ್ಕದಾಗಿ ಶುರು ಮಾಡಬೇಕೆಂದರೆ ಕ್ಯಾಮೆರಾ ಮತ್ತು ಲೆನ್ಸ್ ಹೊತ್ತು ಆಕಾಶದ ಜೊತೆ ತಿರುಗುವ ಸ್ಟಾರ್ ಟ್ರ್ಯಾಕರ್ ತನ್ನಿ. ಫೋಟೊಗೆ ಧ್ರುವದ ಗುರಿ ಅಂದಾಜಿನಲ್ಲಿ ಸಾಲದು ಅನ್ನುವುದು ನೆನಪಿರಲಿ. ಧ್ರುವ ನಕ್ಷತ್ರವೇ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರ ಇದೆ.

ಪ್ರಶ್ನೆ: ನನಗೆ 68 ವರ್ಷ. ಮೊಣಕಾಲು ನೋವು. ನಕ್ಷತ್ರಗಳ ಗುರುತೂ ಅಷ್ಟಾಗಿ ಇಲ್ಲ. ತಾನೇ ಹುಡುಕಿಕೊಡುವ ಗೋಟು ಮೌಂಟ್ ಕೊಳ್ಳುವುದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ ಸರ್. ಹುಡುಕುವುದನ್ನೂ ಕಲಿತೇ ನೋಡಬೇಕು ಅನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಬಗ್ಗಿ ಹುಡುಕುವುದು ನೋವು ಕೊಡುತ್ತದೆ ಅಂದರೆ ಹುಡುಕುವ ಕೆಲಸ ಮೋಟರ್ ಮಾಡಲಿ. ಚಿಕ್ಕ ಕೊಳವೆಯ, ಒಂಟಿ ತೋಳಿನ ಆಲ್ಟ್-ಅಜಿಮತ್ ಗೋಟು ನಿಮಗೆ ಸರಿಹೋಗುತ್ತದೆ. ಕುರ್ಚಿಯಲ್ಲಿ ಕೂತೇ ನೋಡಬಹುದು.

ಶುರುವಿನಲ್ಲಿ ಅದಕ್ಕೆ ಜಾಗ, ದಿನ, ಹೊತ್ತು ಹೇಳಿ, ಒಂದೆರಡು ಪ್ರಕಾಶಮಾನ ನಕ್ಷತ್ರ ತೋರಿಸಿಕೊಡಬೇಕು. ಗೋಟು ತಪ್ಪು ದಿಕ್ಕಿಗೆ ಹೋದರೆ ಮೊದಲು ತಾರೀಖು ನೋಡಿ. ಹಲವು ಯಂತ್ರಗಳು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಕೇಳುತ್ತವೆ. ನಮ್ಮ ಅಭ್ಯಾಸ ಉಲ್ಟಾ. ನನಗೆ ಬರುವ ಗೋಟು ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಒಳಗಿನ ಚಿಕ್ಕ ಬ್ಯಾಟರಿಗಳನ್ನು ನಂಬಬೇಡಿ, 12 ವೋಲ್ಟಿನ ಹೊರಗಿನ ಬ್ಯಾಟರಿ ಇಟ್ಟುಕೊಳ್ಳಿ. ಕೊಳ್ಳುವ ಮೊದಲು ಒಮ್ಮೆ ನೀವೇ ಎತ್ತಿ ನೋಡಿ. ಯಾರೂ ಸಹಾಯಕ್ಕೆ ಇಲ್ಲದ ರಾತ್ರಿಯೂ ನೀವು ಅದನ್ನು ಹೊರಗೆ ತರುವಂತಿರಬೇಕು.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ಕ್ಲಾಸು. ಟೆಲಿಸ್ಕೋಪ್ ಈಗಲೇ ಬೇಡ ಅಂದಿದ್ದಾರೆ ಮನೆಯಲ್ಲಿ. ನನ್ನ ಹತ್ತಿರ 10 × 50 ಬೈನಾಕ್ಯುಲರ್ ಇದೆ, ಅಪ್ಪನ ಕ್ಯಾಮೆರಾ ಟ್ರೈಪಾಡ್ ಇದೆ. ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು ಪುಟ್ಟಾ, ಬೇಕಾದಷ್ಟು. ನಿನ್ನ ಹತ್ತಿರ ಆಗಲೇ ಒಂದು ಮೌಂಟ್ ಇದೆಯಲ್ಲ!

ಬೈನಾಕ್ಯುಲರಿನ ಎರಡು ಕೊಳವೆ ಸೇರುವ ನಡುಭಾಗದ ಮುಂದುಗಡೆ ಒಂದು ಚಿಕ್ಕ ಮುಚ್ಚಳ ಇದೆಯಾ ನೋಡು. ತಿರುಗಿಸಿ ತೆಗೆದರೆ ಒಳಗೆ ಸ್ಕ್ರೂ ತೂತು ಇರುತ್ತದೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಅಡಾಪ್ಟರ್ ಒಂದು ಸಿಕ್ಕರೆ ಟ್ರೈಪಾಡಿಗೆ ಕೂರಿಸಬಹುದು. ಟ್ರೈಪಾಡಿನ ನಡುಗಂಬವನ್ನು ಮೇಲಕ್ಕೆ ಎತ್ತಬೇಡ, ಅದೇ ಮೊದಲು ಅಲ್ಲಾಡುವುದು. ನೆತ್ತಿಯ ಮೇಲಿನದಕ್ಕೆ ಟ್ರೈಪಾಡ್ ಬೇಡ, ಚಾಪೆ ಹಾಸಿ ಮಲಗಿ ನೋಡು.

ಕೃತ್ತಿಕೆ ನೋಡು, ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ ನೋಡು. ಆದರೆ ನಿನಗೆ ಒಂದು ದೊಡ್ಡ ಕೆಲಸ ಕೊಡುತ್ತೇನೆ. ಗುರುವಿಗೆ ಬೈನಾಕ್ಯುಲರ್ ಗುರಿಯಿಟ್ಟು ಕೈ ಬಿಡು. ಅಲ್ಲಾಡದೆ ನಿಂತಾಗ ಅದರ ಪಕ್ಕ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ನೋಡಿದ ಚಂದ್ರರು ಅವು. ಕೈಯಲ್ಲಿ ಹಿಡಿದಾಗ ನಡುಕದಲ್ಲಿ ಕಾಣುವುದೇ ಕಷ್ಟ. ಪ್ರತಿದಿನ ಒಂದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಅವುಗಳ ಜಾಗ ಗುರುತು ಮಾಡು. ಅಯೋ ಸುಮಾರು 42 ಗಂಟೆಗೆ ಒಂದು ಸುತ್ತು ಹೊಡೆಯುತ್ತದೆ, ಗ್ಯಾನಿಮೀಡ್‌ಗೆ 7 ದಿನ ಬೇಕು. ಯಾವ ಚುಕ್ಕಿ ಯಾವುದು ಅಂತ ಪುಸ್ತಕ ನೋಡದೆ ನೀನೇ ಕಂಡುಹಿಡಿ. ಎರಡು ವಾರದ ಚಿತ್ರಗಳಾದ ಮೇಲೆ ನನಗೆ ಕಳಿಸು. ಮೋಡ ಬಂದ ದಿನ ಮೋಡ ಅಂತಲೇ ಬರೆ.