ಜಪಸರಕ್ಕೆ ಮಗು ಕೂರೋದಿಲ್ಲ ಅಂದ್ರೆ

ಆರು ವರ್ಷದ ಮಗಳು ಜಪಸರಕ್ಕೆ (ರೋಸರಿ, ಅಂದ್ರೆ ಮಣಿ ಎಣಿಸುತ್ತಾ ಮಾಡುವ ಕ್ಯಾಥೊಲಿಕ್ ಪ್ರಾರ್ಥನೆ) ಐದು ನಿಮಿಷವೂ ಕೂರೋದಿಲ್ಲ, ಚಿತ್ರ ಬಿಡಿಸುತ್ತಾ ಕಲಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಸಬಹುದು. ಆದರೆ ಪೂರ್ತಿ ಐವತ್ತು ‘ನಮೋ ಮರಿಯಾ’ ಪ್ರಾರ್ಥನೆ ಈಗಲೇ ಬೇಡ, ಹತ್ತೇ ಸಾಕು.

ಡ್ರಾಯಿಂಗ್ ಹಾಳೆಯಲ್ಲಿ ಒಂದು ದೊಡ್ಡ ಮಣಿ, ಅದರ ಮುಂದೆ ಹತ್ತು ಚಿಕ್ಕ ಮಣಿ ಬರೆದುಕೊಡಿ. ದೊಡ್ಡದಕ್ಕೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಚಿಕ್ಕದಕ್ಕೆಲ್ಲ ‘ನಮೋ ಮರಿಯಾ’. ಒಂದೊಂದು ಪ್ರಾರ್ಥನೆ ಮುಗಿದ ಹಾಗೆ ಒಂದೊಂದು ಮಣಿಗೆ ಬಣ್ಣ ತುಂಬಲಿ. ಕ್ರೆಯಾನ್ಸೇ ವಾಸಿ. ವಾಟರ್ ಕಲರ್ ಕೊಟ್ಟರೆ ಪ್ರಾರ್ಥನೆಗಿಂತ ನೆಲ ಒರೆಸೋದೇ ಜಾಸ್ತಿ!

ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು (ಜಪಸರ ಹೇಳುವಾಗ ಧ್ಯಾನಿಸುವ, ಯೇಸು-ಮರಿಯಮ್ಮನ ಬದುಕಿನ ಸಂತೋಷದ ಘಟನೆಗಳು) ಅಲ್ವಾ? ಗಬ್ರಿಯೇಲ ದೂತ, ಗೋದಲಿಯ ಬಾಲಯೇಸು ಮಕ್ಕಳಿಗೆ ಬೇಗ ಹಿಡಿಸುತ್ತವೆ. ಅವನ್ನು ಅವಳೇ ಬಿಡಿಸಲಿ. ದೂತನಿಗೆ ನೇರಳೆ ರೆಕ್ಕೆ ಬಂದರೂ ತಿದ್ದಬೇಡಿ. ಸುಮ್ನೆ ‘ಇವನು ಮರಿಯಮ್ಮನಿಗೆ ಏನು ಹೇಳಿದ?’ ಅಂತ ಕೇಳಿ.