ಅಳಿಸಿಹೋದ ಸೀಮಂತದ ಫೋಟೋ ಸಿಗುತ್ತಾ?

ಪ್ರಶ್ನೆ: ಅಕ್ಕನ ಸೀಮಂತದ ಫೋಟೋಗಳನ್ನು ಪೆನ್‌ಡ್ರೈವಿನಿಂದ ತಪ್ಪಿ ಡಿಲೀಟ್ ಮಾಡಿದೆ. ರಿಸೈಕಲ್ ಬಿನ್‌ನಲ್ಲೂ ಇಲ್ಲ. ಏನು ಮಾಡಲಿ ಸಾರ್?
– ಓದುಗರೊಬ್ಬರು, ತಿಪಟೂರು

ಉತ್ತರ: ಪೆನ್‌ಡ್ರೈವಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಗಾಬರಿ ಬೇಡ. ಡಿಲೀಟ್ ಕೊಟ್ಟ ತಕ್ಷಣ ಫೋಟೋ ಅಳಿಯುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೇ. ಅಲ್ಲಿ ಬೇರೆ ಫೈಲ್ ಬಂದು ಕೂತರೆ ಕಥೆ ಮುಗಿಯಿತು. ಹಾಗಾಗಿ ಪೆನ್‌ಡ್ರೈವಿಗೆ ಇನ್ನೇನೂ ತುಂಬಬೇಡಿ. ಅಳಿಸಿದ ಫೈಲ್ ಹುಡುಕಿಕೊಡುವ ‘ರೆಕುವಾ’ ಅಥವಾ ‘ಫೋಟೋರೆಕ್’ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು, ಅದರಿಂದ ಪೆನ್‌ಡ್ರೈವಿನಲ್ಲಿ ಹುಡುಕಿಸಿ. ಸಿಕ್ಕಿದ್ದನ್ನೂ ಕಂಪ್ಯೂಟರಿನಲ್ಲೇ ಉಳಿಸಿ. ನಾನೊಮ್ಮೆ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಸೇವ್ ಮಾಡಿ, ಉಳಿದವನ್ನು ಕೈಯಾರೆ ಕಳೆದುಕೊಂಡೆ! ಫೋಟೋರೆಕ್ ಪೂರ್ತಿ ಉಚಿತ. ಆದರೆ ಅದರಲ್ಲಿ ಫೋಟೋಗಳ ಹಳೆಯ ಹೆಸರು ಹೋಗಿ ಅಂಕಿಗಳು ಬರುತ್ತವೆ. ಅಕ್ಕ ಯಾವುದರಲ್ಲಿದ್ದಾರೆ ಅಂತ ಒಂದೊಂದೇ ತೆರೆದು ನೋಡಬೇಕು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.