ಪ್ರತಿ ಬಜೆಟ್‌ಗೂ ನಿಯಮ ಬದಲಾಗುವಾಗ 20 ವರ್ಷದ ಹೂಡಿಕೆ ಮಾಡೋದು ಹೇಗೆ?

ನೀವು ಬರೆದಿರುವುದು ಇಷ್ಟು: ವಯಸ್ಸು 31, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. 2024ರ ಬಜೆಟ್‌ನಲ್ಲಿ ಷೇರಿನ ಲಾಭದ ಮೇಲೆ ತೆರಿಗೆ ಏರಿಸಿದಾಗ ಬೇಜಾರಾಗಿ, ಷೇರು ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುತ್ತಿದ್ದ ಎಸ್‌ಐಪಿ ನಿಲ್ಲಿಸಿದ್ದೀರಿ. ಅಪ್ಪ ಹೊಸಕೋಟೆ ಕಡೆ ಸೈಟು ತಗೋ ಅಂತಿದ್ದಾರೆ. ಸರ್ಕಾರ ಹೀಗೆ ನಿಯಮ ಬದಲಾಯಿಸುತ್ತಲೇ ಇದ್ದರೆ ದೀರ್ಘಕಾಲದ ಹೂಡಿಕೆಗೆ ಅರ್ಥ ಇದೆಯಾ ಅಂತ ಕೇಳಿದ್ದೀರಿ.

ನಾನು ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ಜನರ ರಿಟರ್ನ್ ಹಾಕುವುದೇ ನನ್ನ ಕೆಲಸ. ಹಾಗಾಗಿ ಸರ್ಕಾರದ ಒಂದು ತೀರ್ಮಾನ ಒಬ್ಬೊಬ್ಬರ ಜೇಬಿಗೆ ಎಷ್ಟೆಷ್ಟು ತಗಲುತ್ತದೆ ಅಂತ ಹತ್ತಿರದಿಂದ ನೋಡುತ್ತೇನೆ.

ಮೊದಲು ನಿಮ್ಮ ಎಸ್‌ಐಪಿ ವಿಷಯ. 2004ರಿಂದ 2018ರ ಮಾರ್ಚ್‌ವರೆಗೆ ಷೇರಿನ ದೀರ್ಘಕಾಲದ ಲಾಭಕ್ಕೆ ತೆರಿಗೆಯೇ ಇರಲಿಲ್ಲ. ಆಮೇಲೆ 10 ಪರ್ಸೆಂಟ್ ಆಯಿತು, 2024ರ ಜುಲೈನಲ್ಲಿ 12.5 ಆಯಿತು. ಜೊತೆಗೆ ವರ್ಷಕ್ಕೆ 1 ಲಕ್ಷ ಇದ್ದ ವಿನಾಯಿತಿ 1.25 ಲಕ್ಷಕ್ಕೆ ಏರಿತು. ಈಗ ಲೆಕ್ಕ ಹಾಕೋಣ. ತಿಂಗಳಿಗೆ 10,000 ರೂಪಾಯಿ, 20 ವರ್ಷ, 12 ಪರ್ಸೆಂಟ್ ಬೆಳವಣಿಗೆ ಅಂತ ಇಟ್ಟುಕೊಳ್ಳಿ. ಗ್ಯಾರಂಟಿ ಏನಿಲ್ಲ, ಲೆಕ್ಕಕ್ಕೆ ಮಾತ್ರ. ಕೊನೆಗೆ ಸುಮಾರು 99 ಲಕ್ಷ ಆಗುತ್ತದೆ. ಅದರಲ್ಲಿ ನೀವು ಹಾಕಿದ್ದು 24 ಲಕ್ಷ, ಲಾಭ 75 ಲಕ್ಷ. ಹೆಚ್ಚಿಸಿದ ಎರಡೂವರೆ ಪರ್ಸೆಂಟ್ ತೆರಿಗೆಯಿಂದ ನಿಮಗೆ ಬೀಳುವ ಹೊರೆ ಎರಡು ಲಕ್ಷದ ಒಳಗೆ. ಅದೇ ಎಸ್‌ಐಪಿಯನ್ನು ಒಂದು ವರ್ಷ ತಡವಾಗಿ ಶುರು ಮಾಡಿದರೆ? ಕೊನೆಯ ಮೊತ್ತ 87 ಲಕ್ಷದ ಹತ್ತಿರ ನಿಲ್ಲುತ್ತದೆ. ಹನ್ನೆರಡು ಲಕ್ಷ ಕಡಿಮೆ. ಎರಡು ಲಕ್ಷದ ಮೇಲಿನ ಸಿಟ್ಟಿಗೆ ಹನ್ನೆರಡು ಲಕ್ಷ ಬಿಡುವುದು ಯಾಕೆ? ದಯವಿಟ್ಟು ಈ ತಿಂಗಳೇ ಮತ್ತೆ ಶುರು ಮಾಡಿ.

ಹಾಗಂತ ನೀತಿಯಿಂದ ಏನೂ ಆಗಲ್ಲ ಅನ್ನುತ್ತಿಲ್ಲ. ತುಂಬಾ ಆಗುತ್ತದೆ. ಆದರೆ ಬಜೆಟ್ ದಿನದ ಟಿವಿ ಚರ್ಚೆಗಿಂತ ರಿಸರ್ವ್ ಬ್ಯಾಂಕಿನ ಬಡ್ಡಿ ದರದಿಂದ ಜಾಸ್ತಿ ಆಗುತ್ತದೆ. ಕೋವಿಡ್ ಶುರುವಾದಾಗ, 2020ರ ಮೇನಲ್ಲಿ, ರೆಪೊ ದರ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) 4 ಪರ್ಸೆಂಟ್‌ಗೆ ಇಳಿಯಿತು. ಎರಡು ವರ್ಷ ಅಲ್ಲೇ ಇತ್ತು. ಆಗ ದೊಡ್ಡ ಬ್ಯಾಂಕುಗಳ ಎಫ್‌ಡಿ ಬಡ್ಡಿ ಐದೂವರೆ ಪರ್ಸೆಂಟ್ ಆಸುಪಾಸು. ಬೆಲೆ ಏರಿಕೆ 2020-21ರಲ್ಲಿ ಸರಾಸರಿ ಆರು ಪರ್ಸೆಂಟ್ ದಾಟಿತ್ತು. ಮಲ್ಲೇಶ್ವರದಲ್ಲಿ ಪೆನ್ಷನ್ ಇಲ್ಲದೆ ಎಫ್‌ಡಿ ಬಡ್ಡಿಯಲ್ಲೇ ಮನೆ ನಡೆಸುವ ಹಿರಿಯರು ಎಷ್ಟೋ ಜನ ಇದ್ದಾರೆ. ಅವರ ಅಸಲು ಪಾಸ್‌ಬುಕ್‌ನಲ್ಲಿ ಹಾಗೇ ಇತ್ತು, ಆದರೆ ಅದರ ಬೆಲೆ ವರ್ಷ ವರ್ಷ ಕರಗುತ್ತಿತ್ತು. ಅದೇ ಹೊತ್ತಿಗೆ ವೈಟ್‌ಫೀಲ್ಡ್‌ನಲ್ಲಿ ಫ್ಲಾಟ್ ಕೊಂಡವರಿಗೆ ಏಳು ಪರ್ಸೆಂಟ್‌ಗಿಂತ ಕಡಿಮೆ ಬಡ್ಡಿಗೆ ಸಾಲ ಸಿಕ್ಕಿತು. ಯಾರೂ ಹೊಸ ತೆರಿಗೆ ಹಾಕಲಿಲ್ಲ. ಆದರೂ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದುಡ್ಡು ಹೋಯಿತು. ಇದನ್ನು ಪತ್ರಿಕೆಯ ಮುಖಪುಟದಲ್ಲಿ ನಾನು ನೋಡಲೇ ಇಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಮುಂದಿನದು ಸಾಲಗಾರರ ಸರದಿ. 2022ರ ಮೇಯಿಂದ 2023ರ ಫೆಬ್ರವರಿ ಒಳಗೆ ರೆಪೊ 4ರಿಂದ 6.5ಕ್ಕೆ ಏರಿತು. 6.7 ಪರ್ಸೆಂಟ್ ಬಡ್ಡಿಗೆ 20 ವರ್ಷಕ್ಕೆ 50 ಲಕ್ಷ ಸಾಲ ತೆಗೆದಿದ್ದರೆ ಇಎಂಐ 37,900ರ ಹತ್ತಿರ. ರೆಪೊ ಜೊತೆ ಸಾಲದ ಬಡ್ಡಿಯೂ ಏರಿ 9.2 ಆದರೆ 50 ಲಕ್ಷಕ್ಕೆ ತಿಂಗಳ ಬಡ್ಡಿಯೇ 38,300 ದಾಟುತ್ತದೆ. ಅಂದರೆ ಬಡ್ಡಿ ಏರುವ ಸ್ವಲ್ಪ ಮೊದಲಷ್ಟೇ ಸಾಲ ಮಾಡಿದವರು ಹಳೇ ಇಎಂಐಯನ್ನೇ ಕಟ್ಟುತ್ತಾ ಹೋದರೆ ಅಸಲು ತೀರುವುದೇ ಇಲ್ಲ! ಎಷ್ಟೋ ಮಂದಿಗೆ ಸಾಲದ ಅವಧಿ ಉದ್ದ ಆಗಿದ್ದು ಸ್ಟೇಟ್‌ಮೆಂಟ್ ತೆಗೆದು ನೋಡಿದಾಗಲೇ ಗೊತ್ತಾಗಿದ್ದು. 2025ರಲ್ಲಿ ದರ ಮತ್ತೆ ಇಳಿಯಿತು. ಹಾಗಾಗಿ ಸಾಲ ಮಾಡುವಾಗ ಇವತ್ತಿನ ಬಡ್ಡಿಗೆ ಎರಡೂವರೆ ಪರ್ಸೆಂಟ್ ಸೇರಿಸಿ, ಆಗಲೂ ಕಟ್ಟಲು ಆಗುತ್ತಾ ಅಂತ ನೋಡಿ.

ಈಗ ಸೈಟು, ಮನೆ. ಇಲ್ಲಿ ಒಂದೇ ನಿಯಮ ಇಬ್ಬರಿಗೆ ಎರಡು ರೀತಿ ತಗಲಿತು. ಮೊದಲು ಆಸ್ತಿ ಮಾರಿದರೆ, ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ, ಉಳಿದ ಲಾಭಕ್ಕೆ 20 ಪರ್ಸೆಂಟ್ ತೆರಿಗೆ. ಹೀಗೆ ಹಣದುಬ್ಬರ ಸೇರಿಸುವುದಕ್ಕೆ ಇಂಡೆಕ್ಸೇಶನ್ ಅಂತಾರೆ. 2024ರ ಜುಲೈ 23ರಿಂದ ಅದು ಹೋಯಿತು, ಪೂರ್ತಿ ಲಾಭಕ್ಕೆ 12.5 ಪರ್ಸೆಂಟ್ ಬಂತು. 2001-02ರಲ್ಲಿ 5 ಲಕ್ಷಕ್ಕೆ ಕೊಂಡ ಸೈಟನ್ನು ಒಬ್ಬರು 2024-25ರಲ್ಲಿ 1 ಕೋಟಿಗೆ ಮಾರಿದರು ಅನ್ನಿ. ಹಳೇ ಲೆಕ್ಕದಲ್ಲಿ ತೆರಿಗೆ 16.37 ಲಕ್ಷ, ಹೊಸದರಲ್ಲಿ 11.88 ಲಕ್ಷ. ಅವರಿಗೆ ಲಾಭವೇ. ಇನ್ನೊಬ್ಬರು 2014-15ರಲ್ಲಿ 60 ಲಕ್ಷಕ್ಕೆ ಫ್ಲಾಟ್ ಕೊಂಡು 95 ಲಕ್ಷಕ್ಕೆ ಮಾರಿದರು ಅನ್ನಿ. ಹಳೇ ಲೆಕ್ಕದಲ್ಲಿ 85 ಸಾವಿರ, ಹೊಸದರಲ್ಲಿ 4.38 ಲಕ್ಷ! ಸೆಸ್, ಸರ್‌ಚಾರ್ಜ್ ಬಿಟ್ಟು ಹೇಳುತ್ತಿದ್ದೇನೆ. ಗಲಾಟೆಯಾದ ಮೇಲೆ ಆಗಸ್ಟ್‌ನಲ್ಲಿ ಸರ್ಕಾರ ತಿದ್ದುಪಡಿ ತಂದಿತು. ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದರೆ ಭಾರತದ ನಿವಾಸಿಗಳು ಎರಡರಲ್ಲಿ ಕಡಿಮೆ ತೆರಿಗೆ ಕಟ್ಟಬಹುದು. ನೀವು ಈಗ ಕೊಂಡರೆ ಆ ಆಯ್ಕೆ ಇಲ್ಲ. ನಿಧಾನವಾಗಿ ಬೆಲೆ ಏರುವ ಫ್ಲಾಟಿಗೆ ಇದು ದೊಡ್ಡ ಹೊಡೆತ.

ನನಗೆ ತುಂಬಾ ಸಂಕಟ ಆಗುವ ವಿಷಯ ಇನ್ನೊಂದಿದೆ. ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸಲು ಅಂತ ಅವಸರದಲ್ಲಿ ಕೊಂಡ ಇನ್ಶೂರೆನ್ಸ್ ಪಾಲಿಸಿಗಳು. ಆದಾಯ ತೆರಿಗೆಯ 80ಸಿ ವಿನಾಯಿತಿಗೆ 1.5 ಲಕ್ಷ ಉಳಿತಾಯ ತೋರಿಸಬೇಕು, ಅಷ್ಟೇ ಉದ್ದೇಶ ಇತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2025ರ ಬಜೆಟ್ ನಂತರ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬೀಳದ್ದರಿಂದ ಬಹಳಷ್ಟು ಜನ ಅದಕ್ಕೇ ಬಂದರು. ವಿನಾಯಿತಿ ಹೋಯಿತು, ಪ್ರೀಮಿಯಂ ಉಳಿಯಿತು. ಸರ್ಕಾರ ಚಿನ್ನದ ಬೆಲೆಗೆ ಜೋಡಿಸಿ ಮಾರುತ್ತಿದ್ದ ಚಿನ್ನದ ಬಾಂಡ್ ಕಥೆ ಇದಕ್ಕೆ ಉಲ್ಟಾ. 2015ರ ನವೆಂಬರ್‌ನಲ್ಲಿ ಗ್ರಾಂಗೆ 2,684 ರೂಪಾಯಿ ಕೊಟ್ಟವರಿಗೆ ಎಂಟು ವರ್ಷಕ್ಕೆ 6,132 ಬಂತು, ಮೇಲೆ ಬಡ್ಡಿ ಬೇರೆ. ಆ ಲಾಭಕ್ಕೆ ತೆರಿಗೆ ವಿನಾಯಿತಿ ಇಲ್ಲದಿದ್ದರೂ ಅದು ಒಳ್ಳೆಯ ಹೂಡಿಕೆಯೇ ಆಗಿರುತ್ತಿತ್ತು. 2024ರ ಫೆಬ್ರವರಿ ನಂತರ ಸರ್ಕಾರ ಹೊಸ ಕಂತು ಬಿಡಲಿಲ್ಲ. ನಾನು ಯಾರಿಗಾದರೂ ಹೇಳುವುದು ಇದನ್ನೇ: ತೆರಿಗೆ ವಿನಾಯಿತಿಯನ್ನು ಲೆಕ್ಕದಿಂದ ತೆಗೆದು ನೋಡಿ. ಆಗಲೂ ಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ.

ಕೊನೆಗೆ ಅಪ್ಪನ ಮಾತು. ಬೆಂಗಳೂರಿನಲ್ಲಿ ಭೂಮಿ ಬೆಲೆ ಏರಿದ್ದರಲ್ಲಿ ಸರ್ಕಾರದ ತೀರ್ಮಾನಗಳ ಪಾಲೂ ಇದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಆ ಕಡೆಯ ಊರುಗಳ ಹಣೆಬರಹವೇ ಬದಲಾಯಿತು. ಅಪ್ಪ ಅದನ್ನೆಲ್ಲ ಕಣ್ಣಾರೆ ನೋಡಿದವರು, ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ಖರ್ಚನ್ನೂ ಅವರ ಮುಂದೆ ಇಡಿ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿ ಏಳೂವರೆ ಪರ್ಸೆಂಟ್ ದಾಟುತ್ತದೆ. 60 ಲಕ್ಷದ ಸೈಟಿಗೆ ನಾಲ್ಕೂವರೆ ಲಕ್ಷ ರಿಜಿಸ್ಟ್ರೇಷನ್ ದಿನವೇ ಹೋಗುತ್ತದೆ. ಮಾರುವಾಗ ಲಾಭಕ್ಕೆ 12.5 ಪರ್ಸೆಂಟ್ ತೆರಿಗೆ ಬೇರೆ. ಮನೆ ಕಟ್ಟಿ ಇರುವುದಾದರೆ ತಗೊಳ್ಳಿ. ಸುಮ್ನೆ ಐದು ವರ್ಷ ಇಟ್ಟು ಮಾರುವ ಯೋಚನೆ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ. ತಗೊಳ್ಳುವುದೇ ಆದರೆ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ತೋರಿಸುವ ಡಿಜಿಟಲ್ ದಾಖಲೆ) ಕಣ್ಣಾರೆ ನೋಡದೆ, ವಕೀಲರಿಗೆ ದಾಖಲೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.